ಮಂಗಳವಾರ ಅಕ್ಕಿ ಮಾತ್ರ

ನಾನು ಬೀಸಿಕೊಟ್ಟ ಹಿಟ್ಟನ್ನು ಅದುವರೆಗೆ ಯಾರೂ ವಾಪಸು ತಂದಿರಲಿಲ್ಲ. ತರಿ ದಪ್ಪವಾಯಿತೆಂದು ಗೊಣಗಿದವರಿದ್ದರು, ಸರದಿ ತಪ್ಪಿತೆಂದು ಮುಖ ಊದಿಸಿಕೊಂಡವರಿದ್ದರು. ಆದರೆ ಮನೆಗೊಯ್ದ ಹಿಟ್ಟನ್ನು ಡಬ್ಬಿ ಸಮೇತ ಬಸ್ಸಿನಲ್ಲಿ ತಂದು ನನ್ನ ಮುಂದಿಟ್ಟವಳು ಅವಳೊಬ್ಬಳೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಬಣಕಲ್ಲಿನಲ್ಲಿ ರಸ್ತೆ ಬದಿಗೇ ಇದ್ದ ಅಪ್ಪನ ಹಿಟ್ಟಿನ ಗಿರಣಿಯನ್ನು ಅವರ ನಂತರ ನಾನು ನಡೆಸುತ್ತಿದ್ದೆ. ನನ್ನ ಗಂಡ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್, ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಗಿರಣಿಯಲ್ಲಿ ಇದ್ದದ್ದು ಒಂದೇ ಯಂತ್ರ. ಅಕ್ಕಿ, ಗೋಧಿ, ರಾಗಿ ಎಲ್ಲ ಅದರಲ್ಲೇ. ತ್ರೀ ಫೇಸ್ ಕರೆಂಟು ಬಂದಾಗ ಬೆಲ್ಟ್ ಏರಿಸುವುದು, ಹೋದಾಗ ಜಗಲಿಯಲ್ಲಿ ಕೂತು ದಾರಿ ಕಾಯುವುದು. ಬಿಸಿ ಹಿಟ್ಟಿನ ಆ ವಾಸನೆ ಈಗಲೂ ಒಮ್ಮೊಮ್ಮೆ ಎಲ್ಲಿಂದಲೋ ಬಂದು ಹೋಗುತ್ತದೆ.

ಅವಳ ಗಂಡ ಕೊಟ್ಟಿಗೆಹಾರದಾಚೆಯ ಒಂದು ತೋಟದಲ್ಲಿ ಜೀಪಿನ ಡ್ರೈವರ್. ಹದಿನೈದು ದಿನಕ್ಕೊಮ್ಮೆ ಬಂದು ರೊಟ್ಟಿಗೆಂದು ಅಕ್ಕಿ ಬೀಸಿಸಿಕೊಂಡು ಹೋಗುತ್ತಿದ್ದಳು. ಹೆಚ್ಚು ಮಾತಿನವಳಲ್ಲ. ಅವತ್ತು ಡಬ್ಬಿಯ ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದಳು.

"ಅಕ್ಕಾ, ಸಿಟ್ಟು ಮಾಡ್ಕಬೇಡಿ. ಈ ಹಿಟ್ಟಲ್ಲಿ ಗೋಧಿ ಏನಾದ್ರೂ ಸೇರಿದ್ಯಾ?"

ನನಗೆ ಸಿಟ್ಟೇ ಬಂತು. "ಎಂತ ಮಾತು ಆಡ್ತಿ ಮಾರಾಯ್ತಿ! ಅಕ್ಕಿ ತಂದೋರಿಗೆ ಗೋಧಿ ಬೆರೆಸಿ ಕೊಡಕ್ಕೆ ನಂಗೇನು ಹುಚ್ಚಾ?"

"ಬೆರೆಸಿದೀರಿ ಅಂತ ಅಲ್ಲ ಅಕ್ಕಾ. ಡಾಕ್ಟ್ರು ಕೇಳಿದ್ರು, ಹಿಟ್ಟು ಎಲ್ಲಿ ಬೀಸಿಸ್ತೀರಿ, ಅದೇ ಮಿಲ್ಲಲ್ಲಿ ಗೋಧಿನೂ ಬೀಸ್ತಾರಾ ಅಂತ."

ಆಮೇಲೆ ಎಲ್ಲ ಹೇಳಿದಳು. ಅವಳ ಮಗಳಿಗೆ ಆರು ವರ್ಷ. ಮೂರು ವರ್ಷದಿಂದ ಭೇದಿ, ಹೊಟ್ಟೆ ಉಬ್ಬರ. ಮೈಗೆ ರಕ್ತವೇ ಹಿಡಿಯುತ್ತಿರಲಿಲ್ಲ. ಹುಳದ ಔಷಧಿ ಕೊಟ್ಟರು, ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಕೊನೆಗೆ ಘಾಟಿ ಇಳಿದು ಮಂಗಳೂರಿಗೆ ಒಯ್ದಾಗ ಅಲ್ಲಿನ ಡಾಕ್ಟರು ಬಾಯಿಯಿಂದ ನಳಿಗೆ ಇಳಿಸಿ, ಕರುಳಿನ ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಿ, ಸೀಲಿಯಾಕ್ ಎಂದು ಹೆಸರು ಹೇಳಿದರಂತೆ. ಗೋಧಿಯಲ್ಲಿ, ಬಾರ್ಲಿಯಲ್ಲಿ ಇರುವ ಅಂಟು ಆ ಮಗುವಿನ ಕರುಳನ್ನು ಸವೆಸುತ್ತದೆ. ಅದಕ್ಕೆ ಔಷಧಿಯಿಲ್ಲ. ಗೋಧಿ ಬಿಡಬೇಕು, ಬದುಕಿರುವ ತನಕ.

"ಬಿಟ್ಟ ಮೇಲೆ ಮೂರು ತಿಂಗಳು ಚೆನ್ನಾಗೇ ಆದ್ಲು. ಈಗ ತಿರ್ಗ ಶುರುವಾಗಿದೆ. ಬಿಸ್ಕತ್ತು ಇಲ್ಲ, ಬನ್ನು ಇಲ್ಲ, ಎಂತದೂ ಕೊಡ್ತಿಲ್ಲ ಅಕ್ಕಾ. ಅನ್ನ, ಗಂಜಿ, ಬೆಳಿಗ್ಗೆ ಈ ಹಿಟ್ಟಿನ ರೊಟ್ಟಿ. ಅಷ್ಟೇ."

"ಹಂಗಾದ್ರೆ ಕಾಯಿಲೆ ಬೇರೆ ಇರ್ಬೇಕು. ಚಿಟಿಕೆ ಧೂಳಿಗೆಲ್ಲ ಯಾರಿಗೂ ಎಂತದೂ ಆಗಲ್ಲ" ಎಂದೆ. ಬಸ್ಸು ಬಂದ ಸದ್ದಾಗಿ ಅವಳು ಎದ್ದು ಹೋದಳು. ಡಬ್ಬಿ ಅಲ್ಲೇ ಉಳಿಯಿತು.

ಮಧ್ಯಾಹ್ನ ಗಿರಣಿಯಲ್ಲಿ ಯಾರೂ ಇರಲಿಲ್ಲ. ಡಬ್ಬಿ ಬಿಚ್ಚಿ ನೋಡಿದೆ. ಬೆಳ್ಳಗಿತ್ತು. ಅಕ್ಕಿಹಿಟ್ಟಿನಲ್ಲಿ ಗೋಧಿ ಸೇರಿದರೆ ಕಣ್ಣಿಗೆ ಕಾಣುವುದಾದರೂ ಹೇಗೆ? ಆಗ ರಾಗಿಯ ನೆನಪಾಯಿತು. ಎರಡು ಸೇರು ರಾಗಿ ಬೀಸಿದೆ. ಅದರ ಹಿಂದೆಯೇ ನಮ್ಮನೆಯ ಬಿಳಿ ಅಕ್ಕಿ ಸುರಿದೆ. ಮೊದಲ ಸೇರು ಮಣ್ಣಿನ ಬಣ್ಣಕ್ಕೆ ಬಂತು. ಎರಡನೆಯದರಲ್ಲಿ ಕಂದು ಚುಕ್ಕೆ. ಮೂರನೆಯದಕ್ಕೆ ಕಡಿಮೆಯಾಯಿತು. ನಾಲ್ಕನೇ ಸೇರಿಗೆ ಹಿಟ್ಟು ಬೆಳ್ಳಗಾಯಿತು. ಸದ್ಯ, ಅಂದುಕೊಂಡೆ. ಆಮೇಲೆ ಏನನ್ನಿಸಿತೋ, ಹಿಟ್ಟು ಇಳಿಯುವ ಬಟ್ಟೆಯ ಚೀಲಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟೆ. ಬಿಳಿ ಹಿಟ್ಟಿನ ಮೇಲೆ ಒಂದು ಹಿಡಿ ಕಂದು ಪುಡಿ ಉದುರಿತು.

ಮೋಟಾರು ನಿಲ್ಲಿಸಿ, ನಟ್ಟು ಸಡಿಲಿಸಿ ಕಲ್ಲು ಬೇರ್ಪಡಿಸಿದೆ. ಕಲ್ಲಿನ ಗೀರುಗಳ ತುಂಬ ರಾಗಿಹಿಟ್ಟು ಮೆತ್ತಿಕೊಂಡಿತ್ತು. ಅಕ್ಕಿ ಸುರಿಯುವ ಮರದ ಡಬ್ಬದ ಮೂಲೆಯಲ್ಲಿ, ತೊಲೆಯ ಮೇಲೆ, ಕಿಟಕಿಯ ಹಲಗೆಯ ಮೇಲೆ ಎಲ್ಲೆಲ್ಲೂ ಹಿಟ್ಟು. ಅದರಲ್ಲಿ ಹೆಚ್ಚಿನದು ಗೋಧಿಯದೇ. ಈಚೆಗೆ ಒಂದೆರಡು ತಿಂಗಳಿಂದ ಕೊಟ್ಟಿಗೆಹಾರದ ಎರಡು ಹೋಟೆಲುಗಳಿಗೆ ದಿನಾ ಗೋಧಿ ಬೀಸುತ್ತಿದ್ದವಳು ನಾನೇ ತಾನೆ? ಅದರ ಹಿಂದೆಯೇ ಎಷ್ಟು ಸಲ ಈ ಮಗುವಿನ ಅಕ್ಕಿ ಸುರಿದಿದ್ದೆನೋ, ಲೆಕ್ಕವಿಡಲಿಲ್ಲ. ಬೆಳಿಗ್ಗೆ ನಾನು ಆಡಿದ ಮಾತು ನೆನಪಾಗಿ ಕೂತಲ್ಲೇ ಕೂತೆ.

ಮರುದಿನ ಗಿರಣಿಗೆ ಬೀಗ ಹಾಕಿ, ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು, ಅವಳ ಮನೆ ಹುಡುಕಿಕೊಂಡು ಹೋದೆ. ತೋಟದ ಗೇಟಿನ ಪಕ್ಕದಲ್ಲೇ ಡ್ರೈವರ್ ಮನೆ. ಮಗು ಬಾಗಿಲಲ್ಲಿ ಕೂತಿತ್ತು. ಹೊಟ್ಟೆ ಮಾತ್ರ ಮುಂದೆ, ಕೈಕಾಲು ಸೊಪ್ಪಿನ ದಂಟಿನ ಹಾಗೆ. ಅಂಗಳದಲ್ಲಿ ಪಕ್ಕದ ಮನೆಯ ಮಕ್ಕಳು ಬನ್ನು ತಿನ್ನುತ್ತಿದ್ದರು. ಇವಳು ಅವರ ಕಡೆ ನೋಡದೆ ಗೋಡೆಯ ಸುಣ್ಣ ಕೆರೆಯುತ್ತಿದ್ದಳು.

"ತಪ್ಪು ನಮ್ಮ ಮಿಲ್ಲಿಂದೇ" ಎಂದೆ. ರಾಗಿಯ ಕತೆ ಹೇಳಿದೆ. ಅವಳು ಬೈಯಬಹುದು ಎಂದುಕೊಂಡಿದ್ದೆ. ಅವಳ ಮುಖ ಹಗುರಾಯಿತು.

"ಸದ್ಯ, ಕಾರಣ ಸಿಕ್ತಲ್ಲ ಅಕ್ಕಾ. ಮಗೂನ ನಾನೇ ಉಪವಾಸ ಕೆಡವಿದೀನಿ ಅಂತಾರೆ ನಮ್ಮತ್ತೆ. ಒಂದು ಬಿಸ್ಕತ್ತು ಕೊಡದ ತಾಯಿ ಅಂತ ಕೂಲಿ ಲೈನ್ ಮನೇಲೆಲ್ಲ ಮಾತು. ಈ ಕಾಯಿಲೆ ಇರೋ ಇನ್ನೊಂದು ಮಗೂನ ಒಂದ್ಸಲ ಕಣ್ಣಲ್ಲಿ ನೋಡಿದ್ರೆ ಸಾಕಾಗಿತ್ತು ನಂಗೆ. ನಮ್ಮ ಕಡೆ ಯಾರಿಗಾದ್ರೂ ಇದ್ಯಾ ಅಂತ ಡಾಕ್ಟ್ರನ್ನೂ ಕೇಳ್ದೆ. ಇರಬಹುದಮ್ಮ, ಗೊತ್ತಾಗಿರಲ್ಲ ಅಂದ್ರು."

ಇನ್ನೊಂದು ಮಗುವನ್ನು ಹುಡುಕಿಕೊಡುವುದು ನನ್ನಿಂದಾಗುವ ಕೆಲಸವಲ್ಲ. ಹಿಟ್ಟಿನದು ಮಾತ್ರ ನನ್ನ ಕೈಲಿತ್ತು. "ಮಂಗಳವಾರ ಬಾ. ಅವತ್ತು ಗೋಧಿ ಮುಟ್ಟಲ್ಲ" ಎಂದು ಹೇಳಿ ಬಂದೆ.

ಸೋಮವಾರ ಮೂರು ಗಂಟೆಗೇ ಗೋಧಿ ನಿಲ್ಲಿಸಿದೆ. ಕಲ್ಲು ಬಿಚ್ಚಿ ತೆಂಗಿನ ನಾರಿನ ಕುಂಚದಲ್ಲಿ ಒಂದೊಂದೇ ಗೀರು ತಿಕ್ಕಿದೆ. ಮರದ ಡಬ್ಬ ಕಳಚಿ ಬಿಸಿಲಿಗಿಟ್ಟು ಬಡಿದೆ. ತೊಲೆ, ಕಿಟಕಿ ಒರೆಸಿದೆ. ಅಂಗಡಿಯಿಂದ ಕೋರಾ ಬಟ್ಟೆ ತಂದು ಅಕ್ಕಿಗೆಂದೇ ಹೊಸ ಚೀಲ ಹೊಲಿದೆ. ಮಂಗಳವಾರ ಬೆಳಿಗ್ಗೆ ನಮ್ಮನೆಯ ಅಕ್ಕಿ ಐದು ಸೇರು ಬೀಸಿ ಆ ಹಿಟ್ಟನ್ನು ಹಸುವಿಗಿಟ್ಟೆ. ಆಮೇಲೆ ಅವಳ ಅಕ್ಕಿ. ಬಾಗಿಲಿಗೆ ಒಂದು ರಟ್ಟು ತೂಗುಹಾಕಿದೆ: ಮಂಗಳವಾರ ಅಕ್ಕಿ ಮಾತ್ರ.

ಜನಕ್ಕೆ ಇದು ತಮಾಷೆಯಾಯಿತು. "ಗೋಧಿಗೂ ಮಡಿ ಮೈಲಿಗೆ ಶುರು ಮಾಡಿದ್ಯೇನೇ?" ಎಂದು ಹೋಟೆಲಿನವರು ಸಿಡುಕಿದರು. ಊರಿನ ಅಜ್ಜಿಯೊಬ್ಬರು ನಿಜವಾಗಿಯೂ ಮಡಿಯೆಂದೇ ತಿಳಿದು, "ಈ ಕಾಲದಲ್ಲೂ ಇಷ್ಟು ಆಚಾರ ಇಟ್ಕಂಡಿದೀಯಲ್ಲ" ಎಂದು ಹರಸಿ, ವ್ರತದ ಅಕ್ಕಿಯನ್ನು ಮಂಗಳವಾರವೇ ತರತೊಡಗಿದರು. ನಾನು ಎಲ್ಲರಿಗೂ ಕಾರಣ ಹೇಳುತ್ತಿದ್ದೆ. ಗೋಧಿ ತಿಂದರೆ ಕರುಳು ಸವೆಯುವ ಮಗುವೊಂದಿದೆ, ಅದಕ್ಕೆ. ಅರ್ಧ ಜನ ನಂಬಲಿಲ್ಲ. ಹಾಗೆ ಹೇಳಿದ ಮಾತೇ ಬಸ್ಸು ಹತ್ತಿ ಎಲ್ಲೆಲ್ಲಿಗೋ ಹೋಯಿತು.

ಎರಡು ತಿಂಗಳ ಮೇಲೆ ಕಳಸದಿಂದ ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು ಬಂದರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಅವರ ಮಗನಿಗೆ ಎಂಟು ವರ್ಷ, ಅದೇ ಕಾಯಿಲೆ. ಮೂಡಿಗೆರೆಯ ಡಾಕ್ಟರೊಬ್ಬರು, ಬಣಕಲ್ಲಿನಲ್ಲಿ ಹೀಗೊಂದು ಗಿರಣಿ ಇದೆಯಂತೆ ಎಂದು ಹೇಳಿ ಕಳಿಸಿದ್ದರು. ಅವತ್ತು ಡ್ರೈವರ್ ಹೆಂಡತಿಯೂ ಅಲ್ಲೇ ಇದ್ದಳು. ಮೇಷ್ಟ್ರು ಕಾಯಿಲೆಯ ಹೆಸರು ಹೇಳಿದ್ದೇ ತಡ, ಅವಳು ಕೈಲಿದ್ದ ಚೀಲ ಕೆಳಗಿಟ್ಟಳು.

"ನಿಮ್ಮ ಹುಡ್ಗ ಈಗ ಓಡಾಡ್ತಾನಾ ಸಾರ್?"

"ಓಡಾಡ್ತಾನೆ. ಮರ ಹತ್ತಿ ಬೈಸ್ಕೋತಾನೆ."

"ಮರ ಹತ್ತುತಾನಾ!" ಎಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವತ್ತು ಅವರಿಬ್ಬರೂ ಮಾತು ಮುಗಿಸುವಷ್ಟರಲ್ಲಿ ಮೇಷ್ಟ್ರ ಬಸ್ಸು ಹೋಗಿಬಿಟ್ಟಿತ್ತು.

ಅದೇ ಸುಮಾರಿಗೆ ಒಂದು ಎಸ್ಟೇಟಿನಿಂದಲೂ ಮಂಗಳವಾರ ಅಕ್ಕಿ ಬರತೊಡಗಿತು. ತೊಳೆದು, ನೆರಳಲ್ಲಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಅಕ್ಕಿ. ಕೆಲಸದವರು ತಂದು ಇಳಿಸಿ, ಬೀಸಿದ ಮೇಲೆ ಒಯ್ಯುತ್ತಿದ್ದರು. ನಾಲ್ಕಾರು ವಾರದ ಮೇಲೆ ಕಾರಿನಲ್ಲಿ ಆ ಎಸ್ಟೇಟಿನ ಅಮ್ಮನವರೇ ಬಂದರು. ಐವತ್ತು ದಾಟಿದವರು. ಬೇರೆಯವರೆಲ್ಲ ಹೋಗುವ ತನಕ ಕಾರಲ್ಲೇ ಕೂತಿದ್ದು ಆಮೇಲೆ ಒಳಗೆ ಬಂದರು.

"ಆ ಡ್ರೈವರ್ ಮಗೂಗೆ ಇರೋದು ನಂಗೂ ಇದೆ ಮಾರಾಯ್ತಿ" ಎಂದರು ಮೆಲ್ಲಗೆ. "ಗೊತ್ತಾಗಿ ಎರಡು ವರ್ಷ ಆಯ್ತು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ನರದ ತೊಂದ್ರೆ ಅಂತ ಮಾತ್ರೆ ನುಂಗಿದೀನಿ. ಮನೆ ಬಿಟ್ರೆ ಯಾರಿಗೂ ಹೇಳಿಲ್ಲ. ಯಾರ ಮನೆಗೆ ಊಟಕ್ಕೆ ಹೋದ್ರೂ ಎಲೆ ಮುಂದೆ ಕೂತು ಸುಮ್ನೆ ಎದ್ದು ಬರ್ತೀನಿ. ದೊಡ್ಡಸ್ತಿಕೆ ಅಂತಾರೆ."

"ಹೇಳಿದ್ರೆ ಏನಾಗ್ತಿತ್ತು ಅಮ್ಮಾವ್ರೆ?"

"ಅದೇ ಗೊತ್ತಿಲ್ಲ ನೋಡು" ಎಂದು ನಕ್ಕರು.

ಹೀಗೆ ಒಂದು ವರ್ಷ ಸಲೀಸಾಗಿ ನಡೆಯಿತು. ಡ್ರೈವರ್ ಮಗಳ ಕೆನ್ನೆ ತುಂಬಿತು, ಶಾಲೆಗೆ ಸೇರಿದಳು. ನನಗೂ ಒಳಗೊಳಗೇ ಸ್ವಲ್ಪ ಜಂಬ ಬಂದಿತ್ತು. ಅದು ಇಳಿದದ್ದು ಮುಂದಿನ ಮಳೆಗಾಲದಲ್ಲಿ.

ಆ ವಾರ ಮರ ಬಿದ್ದು ಲೈನು ಹರಿದು ಶನಿವಾರದಿಂದ ಕರೆಂಟಿರಲಿಲ್ಲ. ಗೋಧಿ ಮೂಟೆಗಳು ಬಾಗಿಲ ತನಕ ತುಂಬಿದ್ದವು. ಕರೆಂಟು ಬಂದದ್ದು ಮಂಗಳವಾರ ಬೆಳಿಗ್ಗೆ. ಹೋಟೆಲಿನವರು ಬಂದು ನಿಂತರು. "ನಾಕು ದಿನ ಆಯ್ತಕ್ಕಾ, ಒಂದೇ ಒಂದು ಮೂಟೆ" ಎಂದರು. ಬೀಸಿಕೊಟ್ಟೆ. ಕಳಸದ ಮೇಷ್ಟ್ರು ಬರುವ ಹೊತ್ತಾಗಿತ್ತು. ಯಾವಾಗಲೂ ಸೋಮವಾರದ ಅರ್ಧ ದಿನ ತೆಗೆದುಕೊಳ್ಳುತ್ತಿದ್ದ ಕೆಲಸವನ್ನು ಅವತ್ತು ಒಂದು ಗಂಟೆಯಲ್ಲಿ ಮುಗಿಸಿದೆ. ಕಲ್ಲು ತಿಕ್ಕಿದೆ, ಚೀಲ ಬದಲಿಸಿದೆ, ಐದು ಸೇರಿನ ಬದಲು ಎರಡು ಸೇರು ಬೀಸಿ ಹಸುವಿಗಿಟ್ಟೆ. ಸಾಕು, ಏನಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗೆ ಹೇಳಲಿಲ್ಲ.

ಮುಂದಿನ ವಾರ ಮೂರೂ ಮನೆಯಿಂದ ಒಂದೇ ಸುದ್ದಿ ಬಂತು. ಡ್ರೈವರ್ ಮಗಳಿಗೆ ಭೇದಿ. ಮೇಷ್ಟ್ರ ಮಗ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾನೆ. ಅಮ್ಮನವರಿಗೂ ನಾಲ್ಕು ದಿನ ಏಳಲಾಗಿಲ್ಲ. ಮೂರು ಮನೆಯ ಊಟದಲ್ಲಿ ಸಮಾನವಾಗಿದ್ದದ್ದು ನನ್ನ ಹಿಟ್ಟೊಂದೇ.

ನಾನು ನಡೆದದ್ದನ್ನು ಹೇಳಿದೆ. ಮೇಷ್ಟ್ರು ಯಾವತ್ತೂ ದನಿ ಎತ್ತಿದವರಲ್ಲ, ಅವತ್ತು ಎತ್ತಿದರು.

"ಕರೆಂಟಿಲ್ಲ, ಈ ವಾರ ಬೀಸಕ್ಕಾಗಲ್ಲ ಅಂತ ಒಂದು ಮಾತು ಹೇಳಿದ್ರೆ ವಾಪಸ್ ಹೋಗ್ತಿದ್ದೆ! ಒಂದು ವಾರ ಗಂಜಿ ಕುಡಿಸಿದ್ರೆ ನನ್ನ ಮಗ ಸಾಯ್ತಿರ್ಲಿಲ್ಲ. ನೀವು ಬೀಸಿದ್ದು ಅಂತ ನಂಬಿ ಕೈಯಾರೆ ಕೊಟ್ಟೆನಲ್ಲ ನಾನು!"

ನಾನು ಅವರ ಮುಖ ನೋಡಲಾರದೆ ಕಲ್ಲಿನ ಕಡೆ ನೋಡುತ್ತ ನಿಂತೆ. ಡ್ರೈವರ್ ಹೆಂಡತಿಯೇ ಮಾತಾಡಿದಳು.

"ಸಾರ್, ಅವರು ಇವತ್ತು ಏನಾದ್ರೂ ಸುಳ್ಳು ಹೇಳಿ ನಮ್ಮನ್ನ ಕಳಿಸಬಹುದಿತ್ತು. ನಮಗೆ ಗೊತ್ತೂ ಆಗ್ತಿರ್ಲಿಲ್ಲ."

ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವತ್ತು ಸಂಜೆ ಗಂಡನಿಗೆ ಹೇಳಿದೆ, ಒಂದೇ ಯಂತ್ರ ಇರುವ ತನಕ ಈ ಕೆಲಸ ನಂಬಿಕೆಯದಲ್ಲ. ಎಷ್ಟು ಹುಷಾರಾಗಿದ್ದರೂ ಒಂದು ದಿನ ಅವಸರವಾಗುತ್ತದೆ, ಯಾರೋ ಬಂದು ನಿಲ್ಲುತ್ತಾರೆ, ಕೈ ಸೋಲುತ್ತದೆ. ಒಂದೋ ಮಂಗಳವಾರದ ರಟ್ಟು ಇಳಿಸಿಬಿಡಬೇಕು, ಇಲ್ಲವೇ ಗೋಧಿಯನ್ನೇ ಕಾಣದ ಯಂತ್ರ ಬೇರೆ ಹಾಕಬೇಕು.

"ಹಿಂದಿನ ಕೋಣೇಲಿ ಮಾವನ ಹಳೇದು ಬಿದ್ದಿದ್ಯಲ್ಲ" ಎಂದರು ಗಂಡ.

ಅಪ್ಪ ಮೊದಲು ಗಿರಣಿ ಹಾಕಿದಾಗ ತಂದ ಯಂತ್ರ ಅದು. ಮೋಟಾರಿರಲಿಲ್ಲ, ಡಬ್ಬದ ಮರ ಹುಳ ತಿಂದಿತ್ತು, ಕಲ್ಲು ಮಾತ್ರ ಗಟ್ಟಿ. ಅಮ್ಮನವರಿಗೆ ಸುದ್ದಿ ಮುಟ್ಟಿ, ಅವರ ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹೊಸ ಮೋಟಾರು ಹಾಕಿದಾಗ ತೆಗೆದಿಟ್ಟಿದ್ದ ಹಳೆಯದನ್ನು ಮಗುವಿನ ಅಪ್ಪ ತನ್ನ ತೋಟದವರನ್ನು ಕೇಳಿ ತಂದ ಜೀಪಿನಲ್ಲೇ ಹೇರಿ ಕಳಿಸಿದರು. ಮೂಡಿಗೆರೆಯಿಂದ ಗಿರಣಿ ಕಲ್ಲಿಗೆ ಗೀರು ಕುಟ್ಟುವ ಮುದುಕರೊಬ್ಬರನ್ನು ಕರೆಸಿದೆ. ಆ ಕಲ್ಲೂ ಹಿಂದೆ ಗೋಧಿ ಬೀಸಿದ್ದೇ ಆಗಿತ್ತು.

"ಮೇಲಿನ ಪದರ ಪೂರ್ತಿ ತೆಗೀಬೇಕು ಅಜ್ಜಾ. ಹಳೇ ಹಿಟ್ಟಿನ ಒಂದು ಕಣ ಉಳೀಬಾರ್ದು" ಎಂದೆ.

"ಕಲ್ಲು ಸವೆದೋಗ್ತದೆ ಕಣವ್ವ. ಆಯಸ್ಸು ಕಡಿಮೆ ಆಗ್ತದೆ."

"ಆಗ್ಲಿ."

ಅಂಗಳದಲ್ಲಿ ಗೋಣಿ ಹಾಸಿ ಕೂತು ಅವರು ಮೂರು ದಿನ ಉಳಿ ಹೊಡೆದರು. ಹೊಸ ಗೀರು ಕೊರೆದು ಎರಡೂ ಕಲ್ಲನ್ನು ಬಿಸಿನೀರಲ್ಲಿ ತೊಳೆದು ಬಿಸಿಲು ಕಂಡಾಗಲೆಲ್ಲ ಒಣಗಿಸಿದೆವು. ಹಳೆಯ ಡಬ್ಬ ಒಲೆಗೆ ಹೋಯಿತು, ತಗಡಿನದು ಮಾಡಿಸಿದೆ. ಗಿರಣಿಯಿಂದ ಹತ್ತು ಮಾರು ದೂರದಲ್ಲಿ, ಸೌದೆ ಕೊಟ್ಟಿಗೆ ಖಾಲಿ ಮಾಡಿ ಅಲ್ಲಿ ಯಂತ್ರ ಕೂರಿಸಿದೆವು. ಗೋಧಿ ಮುಟ್ಟಿದ ದಿನ ನಾನು ಸ್ನಾನ ಮಾಡಿ ಸೀರೆ ಬದಲಿಸದೆ ಆ ಬಾಗಿಲು ದಾಟುತ್ತಿರಲಿಲ್ಲ. ವ್ರತದ ಅಜ್ಜಿಗೆ ಪರಮ ಸಂತೋಷ.

ಮೇಷ್ಟ್ರು ಆರು ವಾರ ಬಂದಿರಲಿಲ್ಲ. ಯಂತ್ರ ಮೊದಲು ಓಡಿಸುವ ಮಂಗಳವಾರಕ್ಕೆ ಬನ್ನಿ ಎಂದು ಅವರಿಗೊಂದು ಕಾರ್ಡು ಬರೆದಿದ್ದೆ. ಬರುತ್ತಾರೆಂಬ ಭರವಸೆಯಿರಲಿಲ್ಲ. ಹತ್ತೂವರೆಯ ಬಸ್ಸಿನಿಂದ ಹೆಂಡತಿ, ಮಗನ ಜೊತೆ ಇಳಿದರು. ಒಳಗೆ ಬಂದು ಕಲ್ಲಿನ ಸುತ್ತ, ತೊಲೆಯ ಮೇಲೆ, ಕಿಟಕಿಯಲ್ಲಿ ಬೆರಳಾಡಿಸಿ ನೋಡಿದರು. "ಹಾಕಿ ಅಕ್ಕಿ" ಎಂದರು.

ಅಮ್ಮನವರೂ ಅವತ್ತು ಕಾರಲ್ಲಿ ಕಾದು ಕೂರದೆ ಒಳಗೆ ಬಂದು, ತಮಗೂ ಅದೇ ಕಾಯಿಲೆ ಎಂದು ಎಲ್ಲರೆದುರೇ ಹೇಳಿದರು. ಕಡುಬಿಗೆಂದು ಮೊದಲು ತರಿ ಒಡೆದೆವು. ಡ್ರೈವರ್ ಹೆಂಡತಿ ಅಂಗಳದಲ್ಲೇ ಮೂರು ಕಲ್ಲು ಹೂಡಿ ತರಿ ಕುದಿಸಿ, ಉಂಡೆ ಕಟ್ಟಿ, ಹಬೆಗಿಟ್ಟಳು. ಸಾರಿಗೆ ಒಗ್ಗರಣೆ ಹಾಕಲು ನಾನು ಇಂಗಿನ ಡಬ್ಬಿ ತೆಗೆದಾಗ ಮೇಷ್ಟ್ರು ತಡೆದರು. "ಸ್ವಲ್ಪ ಕೊಡಿ ಇಲ್ಲಿ." ಕನ್ನಡಕ ಏರಿಸಿ ಡಬ್ಬಿಯ ಸಣ್ಣ ಅಕ್ಷರ ಓದಿದರು. "ನೋಡಿ, ಗೋಧಿಹಿಟ್ಟು! ನಾವೂ ಮೊನ್ನೆ ಮೊನ್ನೆ ತನಕ ಹಾಕ್ತಿದ್ವಿ."

ಅಮ್ಮನವರು ಹಣೆಗೆ ಕೈ ಹಚ್ಚಿಕೊಂಡರು. "ಮೂರು ವರ್ಷದಿಂದ ಗೋಧಿ ಬಿಟ್ಟೆ ಅಂತ ತಿರುಗ್ತಿದೀನಿ, ದಿನಾ ಸಾರಿಗೆ ಇಂಗು ಹಾಕಿಸ್ಕೊಂಡು!" ಎಲ್ಲರೂ ನಕ್ಕೆವು. ಬೆಳ್ಳುಳ್ಳಿ ಒಗ್ಗರಣೆ ಬಿತ್ತು.

ಎಲೆ ಹಾಕಿದಾಗ ಡ್ರೈವರ್ ಹೆಂಡತಿ ಹಿಂದೆ ಸರಿದು ನಿಂತಳು. ತಾನು ಮಾಡಿದ್ದನ್ನು ಅಮ್ಮನವರು ಉಣ್ಣುತ್ತಾರೋ ಇಲ್ಲವೋ ಎಂಬ ಅಳುಕು. ಅವರು ಪಕ್ಕದ ಮಣೆ ತೋರಿಸಿ, "ಬಾ, ನೀನೂ ಕೂರು. ನೀನು ಮಾಡಿದ್ದು ಅಂತಲೇ ಧೈರ್ಯವಾಗಿ ಉಣ್ತಿದೀನಿ" ಎಂದರು. ನಾಲ್ಕು ಕಡುಬು ಉಂಡರು. ಉಣ್ಣುತ್ತ ಉಣ್ಣುತ್ತ ಅವರ ಕಣ್ಣಲ್ಲಿ ನೀರು ಬಂತು. ಖಾರ ಎಂದರು. ಸಾರಿನಲ್ಲಿ ಖಾರವಿರಲಿಲ್ಲ. ಅತ್ತ ಮೇಷ್ಟ್ರ ಮಗನೂ ಡ್ರೈವರ್ ಮಗಳೂ ಒಂದೇ ತಟ್ಟೆಗೆ ಕೈ ಹಾಕಿ ಜಗಳವಾಡುತ್ತಿದ್ದರು. ಒಂದೇ ತಟ್ಟೆಯಲ್ಲಿ ಇನ್ನೊಬ್ಬರೊಡನೆ ಆ ಮಗು ಉಂಡದ್ದನ್ನು ಅವಳ ತಾಯಿ ಅದೇ ಮೊದಲು ನೋಡಿದ್ದಂತೆ.

ಅಲ್ಲಿಂದಾಚೆಗೆ ಮಂಗಳವಾರವೆಂದರೆ ಬರೀ ಹಿಟ್ಟಿನ ದಿನವಾಗಿ ಉಳಿಯಲಿಲ್ಲ. ಯಾವುದನ್ನು ತಿನ್ನಬಹುದು, ಯಾವುದರಲ್ಲಿ ಗೋಧಿ ಅಡಗಿದೆ ಎಂದು ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದು, ಮೂಡಿಗೆರೆಯಲ್ಲಿ ಜೆರಾಕ್ಸ್ ಮಾಡಿಸಿ ತರುತ್ತಿದ್ದರು. ಹೊಸದೊಂದು ಸಂಗತಿ ತಿಳಿದಾಗ ಮತ್ತೆ ಬರೆಯುತ್ತಿದ್ದರು. ಮಾಲ್ಟಿನ ಪುಡಿಯಲ್ಲಿ ಬಾರ್ಲಿ ಇದೆ ಎಂದು ಕಂಡುಹಿಡಿದವರು ಅಮ್ಮನವರು. ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಬಿಸ್ಕತ್ತು ಹಂಚಿದಾಗ ಏನು ಮಾಡುವುದು ಎಂಬುದಕ್ಕೆ ದಾರಿ ತೋರಿಸಿದವಳು ಡ್ರೈವರ್ ಹೆಂಡತಿ. ಟೀಚರ ಮೇಜಿನಲ್ಲಿ ಒಂದು ಡಬ್ಬಿ ಅಕ್ಕಿ ಚಕ್ಕುಲಿ ಮೊದಲೇ ಇಟ್ಟುಬಿಡುವುದು. ಮಳೆಗಾಲದಲ್ಲಿ ಕಳಸದವರು ಬರಲಾಗದಾಗ ಹಿಟ್ಟಿನ ಡಬ್ಬಿಗೆ ಬಟ್ಟೆ ಸುತ್ತಿ ಹೊಲಿದು ಬಸ್ಸಿಗೆ ಹಾಕುತ್ತಿದ್ದೆ. ಅದರ ಪಕ್ಕ ಬೇರೆ ಮೂಟೆ ಇಡದಂತೆ ಕಂಡಕ್ಟರರೇ ನೋಡಿಕೊಳ್ಳುತ್ತಿದ್ದರು. ಚಿಕ್ಕಮಗಳೂರಿನ ಕಡೆಯಿಂದ ಒಂದು ಮನೆ, ಮೂಡಿಗೆರೆಯಿಂದ ಎರಡು, ಹೀಗೆ ಸೇರುತ್ತ ಆರು ಮನೆಗಳಾದವು. ಹೊಸಬರು ಬಂದಾಗ ಅವರೊಡನೆ ಮೊದಲು ಮಾತಾಡುತ್ತಿದ್ದವಳು ಆ ಹಳೆಯ ಮೌನಿಯೇ. "ಹೆದರಬೇಡಿ, ನನ್ನ ಮಗಳ್ನ ನೋಡಿ" ಎನ್ನುತ್ತಿದ್ದಳು.

ಎಂಟು ವರ್ಷ ಹೀಗೆ ನಡೆಯಿತು. ಆಮೇಲೆ ಕಾಲ ಬದಲಾಯಿತು. ಮನೆಯಲ್ಲೇ ಹಿಟ್ಟು ಮಾಡುವ ಪುಟ್ಟ ಯಂತ್ರಗಳು ಬಂದವು. ಚಿಕ್ಕಮಗಳೂರಿನವರು ಮೊದಲು ಕೊಂಡರು, ಆಮೇಲೆ ಮೂಡಿಗೆರೆಯವರು. ಮೇಷ್ಟ್ರಿಗೆ ವರ್ಗವಾಗಿ ಬೇರೆ ಜಿಲ್ಲೆಗೆ ಹೋದರು. ಡ್ರೈವರ್ ಹೆಂಡತಿಗೆ ಅಂಥದ್ದೇ ಒಂದು ಯಂತ್ರವನ್ನು ಅಮ್ಮನವರು ಕೊಡಿಸಿದರು, ತಮಗೂ ಒಂದು ತರಿಸಿಕೊಂಡರು. ನನಗೆ ಸಂತೋಷವೇ ಆಗಬೇಕಿತ್ತು, ಆಯಿತು ಕೂಡ. ಆದರೂ ಮೊದಲ ಖಾಲಿ ಮಂಗಳವಾರ ಕೊಟ್ಟಿಗೆಯ ಬಾಗಿಲು ತೆಗೆದು, ಕಸ ಗುಡಿಸಿ, ಮಾಡುವುದೇನೂ ಇಲ್ಲದೆ ಹೊಸ್ತಿಲ ಮೇಲೆ ಕೂತಿದ್ದೆ.

ಹತ್ತೂವರೆಯ ಬಸ್ಸಿನಿಂದ ಡ್ರೈವರ್ ಹೆಂಡತಿ ಇಳಿದಳು. ಕೈ ಬೀಸಿಕೊಂಡು ಬಂದಳು.

"ಯಾಕೆ, ಯಂತ್ರ ಕೆಟ್ಟೋಯ್ತಾ?" ಎಂದೆ.

"ಇಲ್ಲಕ್ಕಾ, ಚೆನ್ನಾಗಿ ಓಡ್ತಿದೆ. ಮಂಗಳವಾರ ಅಲ್ದಾ, ಮನೇಲಿ ಕೂರಕ್ಕಾಗ್ಲಿಲ್ಲ."

ಅವಳು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅಮ್ಮನವರ ಕಾರೂ ಬಂದು ನಿಂತಿತು. ಇಳಿದವರ ಕೈಯಲ್ಲಿ ಅಕ್ಕಿಯ ಗಂಟಿರಲಿಲ್ಲ. "ಸ್ವಲ್ಪ ಆಚೆ ಸರಕೊಳ್ಳಿ" ಎಂದು ಸೀರೆ ಒಟ್ಟುಗೂಡಿಸಿಕೊಂಡು ಹೊಸ್ತಿಲ ಮೇಲೆ ತಾವೂ ಕೂತರು. ನಾನು ಕಾಫಿಗೆ ನೀರಿಡಲು ಎದ್ದೆ.